ಪ್ರಾರಬ್ಧ: ಶುರುವಾಗಿಬಿಟ್ಟ ಕರ್ಮದ ಕತೆ

ಸಾರು ಕುದಿಯುವ ಹೊತ್ತಿಗೆ ಗ್ಯಾಸ್ ಮುಗಿದರೆ ಪ್ರಾರಬ್ಧ. ಹೊರಡುವ ಹೊತ್ತಿಗೆ ಬೈಕ್ ಪಂಕ್ಚರ್ ಆದರೆ ಪ್ರಾರಬ್ಧ. ತಿಂಗಳಿಗೆರಡು ಸಲ ಸಾಲ ಕೇಳಿಕೊಂಡು ಬರುವ ನೆಂಟನಂತೂ ನಡೆದಾಡುವ ಪ್ರಾರಬ್ಧ. 'ಎಲ್ಲಿಂದ ಗಂಟುಬಿತ್ತಪ್ಪಾ ಇದು' ಎಂದು ಬಾಗಿಲ ಸಂದಿಯಲ್ಲಿ ಗೊಣಗುತ್ತೇವೆ. ಮಗಳಿಗೆ ಮೆಡಿಕಲ್ ಸೀಟು ಸಿಕ್ಕಾಗ ಮಾತ್ರ ಯಾರೂ 'ನಮ್ಮ ಪ್ರಾರಬ್ಧ' ಅನ್ನುವುದಿಲ್ಲ. ಆಗ ಅದು ಪುಣ್ಯ, ಅದೃಷ್ಟ, ದೇವರು ಕಣ್ಣುಬಿಟ್ಟದ್ದು. ಈ ಪದವನ್ನು ರೂಢಿಗೆ ತಂದ ವೇದಾಂತಿಗಳನ್ನು ಕೇಳಿದರೆ, ಗ್ಯಾಸ್ ಮುಗಿದದ್ದು ಎಷ್ಟು ಪ್ರಾರಬ್ಧವೋ ಸೀಟು ಸಿಕ್ಕದ್ದೂ ಅಷ್ಟೇ ಪ್ರಾರಬ್ಧ ಎಂದಾರು. ಅವರ ಮಟ್ಟಿಗೆ ಅದು ಬೈಗುಳವೂ ಅಲ್ಲ, ಕೊರಗೂ ಅಲ್ಲ. ಒಂದು ಲೆಕ್ಕದ ಶೀರ್ಷಿಕೆ.

ಪದವನ್ನು ಬಿಡಿಸಿದರೆ ಇನ್ನೂ ಸಪ್ಪೆ. 'ರಭ್' ಧಾತು, ಅದಕ್ಕೆ 'ಆ', ಅದರ ಹಿಂದೆ 'ಪ್ರ'. ರಭ್ ಎಂದರೆ ಹಿಡಿಯುವುದು. ಆ-ರಭ್ ಎಂದರೆ ಕೈಹಚ್ಚುವುದು, ಶುರುಮಾಡುವುದು. 'ಲಭ್' ಎಂಬುದರಿಂದ ಲಬ್ಧ, 'ಬುಧ್' ಎಂಬುದರಿಂದ ಬುದ್ಧ ಆದ ಹಾಗೆ ರಭ್ ಧಾತುವಿನಿಂದ ರಬ್ಧ. ಪ್ರಾರಬ್ಧ ಎಂದರೆ 'ಶುರುವಾದದ್ದು', ಅಷ್ಟೇ. ಅಂಗಡಿಯ ಬಾಗಿಲಲ್ಲಿ ಮಾವಿನ ತೋರಣದಡಿ ತೂಗುವ 'ಶುಭಾರಂಭ', ಸಮಾರಂಭದ ಕರೆಯೋಲೆಯ 'ಪ್ರಾರಂಭ', ಮಳೆಗಾಲದ ಹೊಳೆಯ 'ರಭಸ' ಎಲ್ಲವೂ ಇದರ ಒಡಹುಟ್ಟುಗಳು. ಒಂದೇ ಬಸಿರಲ್ಲಿ ಹುಟ್ಟಿ ಪ್ರಾರಂಭ ಮಂಗಳವಾಯಿತು, ಪ್ರಾರಬ್ಧ ಪೀಡೆಯಾಯಿತು. ಇಷ್ಟಕ್ಕೂ ಇದು ನಾಮಪದವೇ ಅಲ್ಲ. 'ಪ್ರಾರಬ್ಧ ಕರ್ಮ' ಎಂಬ ಜೋಡಿಯಲ್ಲಿ ಮುಂದೆ ನಿಂತ ವಿಶೇಷಣ. ಜನರ ಬಾಯಲ್ಲಿ ಕರ್ಮ ಉದುರಿಹೋಗಿ ವಿಶೇಷಣವೇ ಯಜಮಾನನಾಯಿತು.

ಶುರುವಾದದ್ದು, ಆಗದ್ದು ಎಂದು ಕರ್ಮವನ್ನು ಬೇರೆ ಮಾಡುವ ಗರಜು ಯಾರಿಗೆ ಬಿತ್ತು? ಅದ್ವೈತಿಗಳಿಗೆ ಬಹಳ ತುರ್ತಾಗಿಯೇ ಬಿತ್ತು. ಅವರ ಸಿದ್ಧಾಂತದಲ್ಲಿ ಆತ್ಮ ಕರ್ತೃವಲ್ಲ, ಭೋಕ್ತೃವೂ ಅಲ್ಲ. ಮಾಡುವವನು ನಾನು ಎಂಬುದು ಅಜ್ಞಾನ. ಜ್ಞಾನ ಬಂದೊಡನೆ ಕರ್ಮವೆಲ್ಲ ಸುಟ್ಟು ಬೂದಿ ಎಂದು ಗೀತೆಯ ನಾಲ್ಕನೆಯ ಅಧ್ಯಾಯ ಹೇಳುತ್ತದೆ, ಮುಂಡಕೋಪನಿಷತ್ತೂ ಅದನ್ನೇ ಹೇಳುತ್ತದೆ. ಹಾಗಿದ್ದರೆ ಕರ್ಮದಿಂದಲೇ ಬಂದ ಈ ದೇಹ? ಅದೂ ಆ ಕ್ಷಣವೇ ಬಿದ್ದುಹೋಗಬೇಕಲ್ಲ? ಬಿದ್ದುಹೋದರೆ ಶಿಷ್ಯನಿಗೆ ಹೇಳಿಕೊಡುವವರು ಯಾರು? ಗೊತ್ತಾದವನು ಗೊತ್ತಾದೊಡನೆ ಸತ್ತರೆ, ಹೇಳುವ ಪ್ರತಿಯೊಬ್ಬ ಗುರುವೂ ಗೊತ್ತಿಲ್ಲದವನೇ ಆಗಬೇಕಾಗುತ್ತದೆ. ಗುರುಪರಂಪರೆಯ ಬುಡಕ್ಕೇ ಬೀಳುವ ಪೆಟ್ಟು ಇದು. ಪ್ರಾರಬ್ಧವೆಂಬ ಪರಿಭಾಷೆಗೆ ಕೆಲಸ ಸಿಕ್ಕದ್ದು ಇಲ್ಲಿ, ಬದುಕಿರುವ ಗುರುವಿಗೆ ಸಮಜಾಯಿಷಿ ಕೊಡುವುದಕ್ಕೆ.

ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯ, ಮೊದಲ ಪಾದ, ಹದಿನೈದನೆಯ ಸೂತ್ರ. ಅಲ್ಲಿ ಪ್ರಾರಬ್ಧ ಎಂಬ ಪದ ಇಲ್ಲ. ಇರುವುದು ಅದರ ಎದುರಾಳಿ, 'ಅನಾರಬ್ಧಕಾರ್ಯ'. ಫಲ ಕೊಡಲು ಇನ್ನೂ ಶುರುಮಾಡದ ಹಿಂದಿನ ಪಾಪಪುಣ್ಯಗಳು ಮಾತ್ರ ಜ್ಞಾನದಿಂದ ನಾಶವಾಗುತ್ತವೆ ಎಂದು ಸೂತ್ರದ ತಾತ್ಪರ್ಯ. ಶುರುವಾದದ್ದು ಏನಾಗುತ್ತದೆ ಎಂಬುದನ್ನು ಹತ್ತೊಂಬತ್ತನೆಯ ಸೂತ್ರ ಹೇಳುತ್ತದೆ: ಉಂಡು ತೀರಿಸಬೇಕು. ಸೂತ್ರಕಾರನ ಕಣ್ಣಿರುವುದು ಸುಟ್ಟುಹೋಗುವ ದೊಡ್ಡ ರಾಶಿಯ ಮೇಲೆ. ಉಳಿದದ್ದು ಅಂಚಿನ ಮಾತು. ಇದಕ್ಕೂ ಹಿಂದೆ ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕ ಮಗ ಶ್ವೇತಕೇತುವಿಗೆ ಒಂದು ಕತೆ ಹೇಳುತ್ತಾನೆ. ಗಾಂಧಾರದಿಂದ ಯಾರೋ ಕಣ್ಣುಕಟ್ಟಿ ತಂದು ಕಾಡಿನಲ್ಲಿ ಬಿಟ್ಟ ಒಬ್ಬ ಮನುಷ್ಯ, ಕಟ್ಟು ಬಿಚ್ಚಿ ದಾರಿ ತೋರಿಸಿದ ಮೇಲೆ ಊರಿಂದೂರಿಗೆ ಕೇಳಿಕೊಂಡು ಮನೆ ಸೇರುತ್ತಾನೆ. ಗುರುವನ್ನು ಪಡೆದವನಿಗೂ ಬಿಡುಗಡೆಯಾಗುವ ತನಕದಷ್ಟೇ ತಡ ಎಂದು ಕತೆ ಮುಗಿಯುತ್ತದೆ. ಆ 'ತಡ'ಕ್ಕೆ ಮುಂದಿನವರು ಇಟ್ಟ ಹೆಸರು ಪ್ರಾರಬ್ಧ.

ಶಂಕರರು ಈ ತಡವನ್ನು ವಿವರಿಸಲು ಎರಡು ದೃಷ್ಟಾಂತ ಹಿಡಿದರು. ಒಂದು ಬಿಟ್ಟ ಬಾಣ: ಮನಸ್ಸು ಬದಲಾಯಿಸಿದರೂ ಅದು ವೇಗ ತೀರುವ ತನಕ ಹೋಗಿಯೇ ಹೋಗುತ್ತದೆ. ಇನ್ನೊಂದು ಕುಂಬಾರನ ತಿಗರಿ: ಮಡಕೆ ಇಳಿಸಿದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತದೆ. ತಿಗರಿಯ ಉಪಮೆ ಶಂಕರರಿಗಿಂತ ಹಳತು, ಈಶ್ವರಕೃಷ್ಣನ ಸಾಂಖ್ಯಕಾರಿಕೆಯಲ್ಲೇ ಇದೆ. ನನಗೆ ಇವೆರಡರಲ್ಲಿ ಹಿಡಿಸುವುದು ತಿಗರಿಯೇ. ಬಾಣ ಎಲ್ಲೋ ಹೋಗಿ ಯಾರಿಗೋ ತಗಲುತ್ತದೆ. ತಿಗರಿ ಯಾರಿಗೂ ಏನೂ ಮಾಡದೆ, ಹೊಸ ಮಡಕೆಯನ್ನೂ ಕೊಡದೆ, ಸುಮ್ಮನೆ ನಿಧಾನವಾಗುತ್ತ ಹೋಗುತ್ತದೆ. ಪ್ರಾರಬ್ಧ ಎಂದರೆ ನಿಲ್ಲಲು ಹೊರಟದ್ದು.

ಮುಂದಿನ ಪಂಡಿತರಿಗೆ ಇಷ್ಟು ಸಾಲಲಿಲ್ಲ. ಅಜ್ಞಾನ ಪೂರ್ತಿ ಹೋದ ಮೇಲೆ ಅದರ ಕೂಸಾದ ದೇಹ ಯಾವುದರ ಮೇಲೆ ನಿಂತಿದೆ ಎಂದು ಕೇಳಿದರು. 'ಅವಿದ್ಯಾಲೇಶ' ಎಂಬ ಉತ್ತರ ಬಂತು: ಅಜ್ಞಾನದ ಒಂದು ಚೂರು ಉಳಿದಿರುತ್ತದೆ. 16ನೆಯ ಶತಮಾನದ ಅಪ್ಪಯ್ಯ ದೀಕ್ಷಿತರ ಸಿದ್ಧಾಂತಲೇಶಸಂಗ್ರಹದಲ್ಲಿ ಇದಕ್ಕೆ ಕೊಡುವ ಒಂದು ಹೋಲಿಕೆ, ತೊಳೆದಿಟ್ಟ ಪಾತ್ರೆಯಲ್ಲಿ ಉಳಿಯುವ ಬೆಳ್ಳುಳ್ಳಿಯ ವಾಸನೆ. ಬೆಳ್ಳುಳ್ಳಿ ಮುಟ್ಟದ ಮನೆಗಳ ಪಂಡಿತರು ಈ ವಾಸನೆಯನ್ನು ಎಲ್ಲಿ ಮೂಸಿದರೋ! ನಮ್ಮ ಹೊಳೆನರಸೀಪುರದ ಅಧ್ಯಾತ್ಮಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತಿಗಳು (1880-1975) ಶಾಂಕರಭಾಷ್ಯಗಳನ್ನು ಕನ್ನಡಕ್ಕೆ ತಂದವರು. ಅವಿದ್ಯೆಯನ್ನು ಒಂದು ವಸ್ತುವಿನ ಹಾಗೆ ಕಾಣುವ 'ಮೂಲಾವಿದ್ಯೆ'ಯ ಕಲ್ಪನೆಯೇ ಶಂಕರರದಲ್ಲ ಎಂದು ಅವರು ಜೀವಮಾನವಿಡೀ ವಾದಿಸಿದರು. ಅವರ ಮಾತು ಒಪ್ಪಿದರೆ ಪಾತ್ರೆಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ.

ಶಂಕರರ ಹೆಸರಿನಲ್ಲಿ ಓದಿಕೆಯಲ್ಲಿರುವ ಅಪರೋಕ್ಷಾನುಭೂತಿ ಮತ್ತು ವಿವೇಕಚೂಡಾಮಣಿ (ಇವು ಅವರವೇ ಹೌದೇ ಎಂಬ ತಕರಾರು ವಿದ್ವಾಂಸರಲ್ಲಿದೆ) ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಎದ್ದವನಿಗೆ ಕನಸಿನ ಸಾಲ ತೀರಿಸುವ ಹೊರೆ ಇಲ್ಲ. ದೇಹವೇ ತೋರಿಕೆಯಾದ ಮೇಲೆ ಅದಕ್ಕೆ ಪ್ರಾರಬ್ಧ ಎಲ್ಲಿಯದು? 'ಜ್ಞಾನಿಗೂ ಪ್ರಾರಬ್ಧ ಉಂಟು' ಎಂಬುದು ಅರಿಯದವರ ಸಮಾಧಾನಕ್ಕೆ ಹೇಳಿದ ಮಾತು ಎನ್ನುತ್ತವೆ ಅವು. ಗುರುವನ್ನು ಉಳಿಸಿಕೊಳ್ಳಲು ಬಳಸಿದ ಪದವನ್ನು ಗುರುವಿನ ಕೈಯಿಂದಲೇ ರದ್ದು ಮಾಡಿಸಿದ ಹಾಗಾಯಿತು.

ಇಲ್ಲಿಗೆ ನಮ್ಮ ಶೃಂಗೇರಿ ಬರುತ್ತದೆ. 14ನೆಯ ಶತಮಾನದಲ್ಲಿ ಅಲ್ಲಿನ ಪೀಠದಲ್ಲಿದ್ದ ವಿದ್ಯಾರಣ್ಯರ ಹೆಸರಿನಲ್ಲಿ ಎರಡು ಪುಸ್ತಕ ಪ್ರಸಿದ್ಧ: ಪಂಚದಶಿ, ಜೀವನ್ಮುಕ್ತಿವಿವೇಕ. ಪಂಚದಶಿಯ ಏಳನೆಯ ಪ್ರಕರಣ ಪ್ರಾರಬ್ಧವನ್ನು ಮೂರಾಗಿ ಒಡೆಯುತ್ತದೆ. ನಮ್ಮ ಇಚ್ಛೆಯಿಂದ ಬರುವುದು, ಇಚ್ಛೆ ಇಲ್ಲದೆ ಬರುವುದು, ಪರರ ಇಚ್ಛೆಯಿಂದ ಬರುವುದು. ಇಚ್ಛೆಯಿಂದ ಬರುವ ಪ್ರಾರಬ್ಧಕ್ಕೆ ಅದು ಕೊಡುವ ನಿದರ್ಶನ ಪಥ್ಯ ಮುರಿಯುವ ರೋಗಿ. ಕೆಡುಕು ಎಂದು ಗೊತ್ತು, ಆದರೂ ತಿನ್ನುತ್ತಾನೆ. ಸಕ್ಕರೆ ಕಾಯಿಲೆ ಇಟ್ಟುಕೊಂಡು ಹೋಳಿಗೆಗೆ ಕೈಚಾಚುವ ನಮ್ಮ ಚಿಕ್ಕಪ್ಪಂದಿರನ್ನು ಕಂಡೇ ಬರೆದಂತಿದೆ. ಆಗಲೇಬೇಕಾದ್ದನ್ನು ತಪ್ಪಿಸುವುದು ಸಾಧ್ಯವಿದ್ದರೆ ನಳ, ರಾಮ, ಯುಧಿಷ್ಠಿರರಿಗೆ ಕಷ್ಟ ಬರುತ್ತಿರಲಿಲ್ಲ ಎಂಬುದೂ ಅಲ್ಲೇ ಇದೆ. ಅಂದರೆ, ಸುಮ್ಮನೆ ಉಣ್ಣು.

ಜೀವನ್ಮುಕ್ತಿವಿವೇಕ ತೆರೆದರೆ ರಾಗವೇ ಬೇರೆ. ತತ್ತ್ವಜ್ಞಾನಕ್ಕಿಂತ ಪ್ರಾರಬ್ಧ ಬಲವಾದದ್ದು, ಹೌದು. ಆದರೆ ಪ್ರಾರಬ್ಧಕ್ಕಿಂತ ಯೋಗಾಭ್ಯಾಸ ಬಲವಾದದ್ದು ಎನ್ನುತ್ತದೆ ಅದು. ಇಲ್ಲವಾದರೆ ವೈದ್ಯಶಾಸ್ತ್ರದಿಂದ ಹಿಡಿದು ಮೋಕ್ಷಶಾಸ್ತ್ರದ ತನಕ ಮನುಷ್ಯಪ್ರಯತ್ನವನ್ನು ನೆಚ್ಚಿದ ಶಾಸ್ತ್ರಗಳೆಲ್ಲ ದಂಡವಾಗುತ್ತವೆ ಎಂಬುದು ಅದರ ವಾದ. ಬೆಂಬಲಕ್ಕೆ ಯೋಗವಾಸಿಷ್ಠದಲ್ಲಿ ವಸಿಷ್ಠರು ರಾಮನಿಗೆ ಪುರುಷಪ್ರಯತ್ನವನ್ನು ಬೋಧಿಸುವ ಭಾಗವನ್ನು ಧಾರಾಳವಾಗಿ ಎತ್ತಿಕೊಳ್ಳುತ್ತದೆ. ಎರಡು ಪುಸ್ತಕಗಳನ್ನು ಹೊಂದಿಸಲು ವ್ಯಾಖ್ಯಾನಕಾರರಿಗೆ ದಾರಿಗಳಿವೆ. ಪಂಚದಶಿಯ ಆ ಭಾಗ ವಿದ್ಯಾರಣ್ಯರದಲ್ಲ, ಅವರಿಗಿಂತ ಮುಂಚೆ ಅದೇ ಪೀಠದಲ್ಲಿದ್ದ ಭಾರತೀತೀರ್ಥರದು ಎಂಬುವರೂ ಇದ್ದಾರೆ. ಅದೇನೇ ಇರಲಿ, 'ನನ್ನ ಪ್ರಾರಬ್ಧ' ಎಂದು ಕೈಚೆಲ್ಲುವ ಕನ್ನಡಿಗನಿಗೆ ಎದುರು ಮಾತು ಬೇಕಾದರೆ ಅದು ಹೊರಗಿನಿಂದ ಬರಬೇಕಾಗಿಲ್ಲ, ತುಂಗೆಯ ದಡದಲ್ಲೇ ಇದೆ. ಕನ್ನಡ ಅದನ್ನು ಬಿಟ್ಟು ನಳ-ರಾಮ-ಯುಧಿಷ್ಠಿರರನ್ನು ಆರಿಸಿಕೊಂಡಿತು.

ಪ್ರಾರಬ್ಧ ಉಣ್ಣಲೇಬೇಕು ಎಂಬ ದನಿ, ಜ್ಞಾನಿಗೆ ಪ್ರಾರಬ್ಧವೇ ಇಲ್ಲ ಎಂಬ ದನಿ, ಎರಡೂ ಒಬ್ಬರ ಬಾಯಲ್ಲೇ ಕೇಳಿಬಂದ ಸಂದರ್ಭ ಹತ್ತಿರದ ಕಾಲದ್ದು. 1898ರ ಡಿಸೆಂಬರಿನಲ್ಲಿ ತಿರುವಣ್ಣಾಮಲೆಯ ಪವಳಕ್ಕುನ್ರು ಗುಡ್ಡಕ್ಕೆ ಅಳಗಮ್ಮಾಳ್ ಬಂದು, ಮನೆಬಿಟ್ಟು ಬಂದ ಮಗ ವೆಂಕಟರಾಮನನ್ನು ಮರಳಿ ಬಾ ಎಂದು ದಿನವೂ ಅತ್ತು ಕರೆದರು. ಮೌನದಲ್ಲಿದ್ದ ಹುಡುಗ, ಮುಂದೆ ರಮಣ ಮಹರ್ಷಿ ಎನಿಸಿಕೊಂಡವರು, ಕಾಗದದ ಮೇಲೆ ಬರೆದುಕೊಟ್ಟರು: ಅವರವರ ಪ್ರಾರಬ್ಧದಂತೆ ಆಡಿಸುವವನು ಆಡಿಸುತ್ತಾನೆ, ಆಗದ್ದು ಆಗುವುದಿಲ್ಲ, ಆಗುವುದು ನಿಲ್ಲುವುದಿಲ್ಲ, ಸುಮ್ಮನಿರುವುದೇ ಲೇಸು ಎಂಬರ್ಥದ ತಮಿಳು ಸಾಲುಗಳು. ಅದೇ ರಮಣರು ಮುಂದೆ 'ಉಳ್ಳದು ನಾರ್ಪದು' ಕೃತಿಯ ಅನುಬಂಧದಲ್ಲಿ, ಜ್ಞಾನಿಗೆ ಪ್ರಾರಬ್ಧ ಉಳಿದಿದೆ ಎನ್ನುವುದು ಪರರ ಪ್ರಶ್ನೆಗೆ ಕೊಡುವ ಉತ್ತರ ಮಾತ್ರ ಎಂದರು; ಗಂಡ ಸತ್ತರೆ ಅವನ ಹೆಂಡತಿಯರಲ್ಲಿ ಒಬ್ಬಳೂ ಮುತ್ತೈದೆಯಾಗಿ ಉಳಿಯಳು, ಮಾಡುವವನು ಹೋದರೆ ಕೂಡಿಟ್ಟದ್ದು, ಶುರುವಾದದ್ದು, ಮುಂದಕ್ಕೆ ಸೇರುವುದು ಮೂರೂ ಕರ್ಮಗಳು ಹೋದವು. ತಾಯಿಗೆ ಒಂದು ಮಾತು, ಸಾಧಕನಿಗೆ ಒಂದು ಮಾತು. ಪ್ರಾರಬ್ಧ ಎಂಬ ಪದದ ಅರ್ಥ ಕೇಳುವವರು ಯಾರು ಎಂಬುದರ ಮೇಲೆ ನಿಂತಿದೆ.

ಕನ್ನಡದಲ್ಲಿ ಇದು ಊರೂರಿಗೆ ಇಳಿದದ್ದು ಹೇಗೆ? ಮಠದ ಸಂಸ್ಕೃತ ಪಾಠದಿಂದ ಮಾತ್ರ ಆಗಿರಲಾರದು. ಕೊಳ್ಳೇಗಾಲದ ಸೀಮೆಯ ನಿಜಗುಣ ಶಿವಯೋಗಿ ತಮ್ಮ ವಿವೇಕಚಿಂತಾಮಣಿಯಲ್ಲಿ ವೇದಾಂತದ ಪರಿಭಾಷೆಯನ್ನು ಕನ್ನಡ ಗದ್ಯಕ್ಕೆ ತಂದಿಟ್ಟರು. ಮಹಲಿಂಗರಂಗನ ಅನುಭವಾಮೃತ ಅದ್ವೈತವನ್ನು ಭಾಮಿನಿ ಷಟ್ಪದಿಯಲ್ಲಿ ಹಾಡುವಂತೆ ಮಾಡಿತು. ಚಿದಾನಂದಾವಧೂತರ ಜ್ಞಾನಸಿಂಧುವನ್ನು ಹಳ್ಳಿಯ ಗುಡಿ ಜಗಲಿಗಳಲ್ಲಿ ಓದಿಸಿ ಅರ್ಥ ಹೇಳಿಸುತ್ತಿದ್ದರು. ಹುಬ್ಬಳ್ಳಿಯ ಸಿದ್ಧಾರೂಢರ ಮಠದಲ್ಲಿ ನಿಜಗುಣರ ಶಾಸ್ತ್ರ ಇಂದಿಗೂ ನಡೆಯುತ್ತದೆ. ಅಕ್ಷರ ಬಾರದವರೂ ಕೂತು ಕೇಳಿದ ಪದ ಇದು. ಕೇಳಿದವರು ತಮಗೆ ಬೇಕಾದಷ್ಟನ್ನು ಮನೆಗೆ ಒಯ್ದರು. ಅನಾರಬ್ಧ, ಅವಿದ್ಯಾಲೇಶ ಜಗಲಿಯಲ್ಲೇ ಉಳಿದವು.

ಇದನ್ನು ಅಪಭ್ರಂಶ ಎಂದು ಹಳಿಯಲು ನನಗೆ ಮನಸ್ಸಿಲ್ಲ. ಜ್ಞಾನವೂ ಕತ್ತರಿಸಲಾಗದ ಒಂದೇ ಒಂದು ಸಂಗತಿ ಪ್ರಾರಬ್ಧ ಎಂದು ಶಾಸ್ತ್ರವೇ ಸಾರಿದ ಮೇಲೆ, ಜನ ಅದನ್ನು ಬಿಡದ ಪೀಡೆಗೆ ಹೆಸರಾಗಿಸಿದ್ದು ಸಹಜ. ಹಣೆಬರಹ, ಗ್ರಹಚಾರ ಎಂಬ ಪದಗಳು ಆಗಲೇ ಇದ್ದವು. ಹಣೆಬರಹ ಬರೆದವನು ಬ್ರಹ್ಮ, ಗ್ರಹಚಾರಕ್ಕೆ ಶನಿಯೋ ರಾಹುವೋ ಹೊಣೆ. ಪ್ರಾರಬ್ಧಕ್ಕೆ ಮಾತ್ರ ಬೇರೆ ಹೊಣೆಗಾರ ಇಲ್ಲ. 'ನನ್ನ ಹಣೆಬರಹ' ಎಂದಾಗ ದೂರು ಮೇಲಕ್ಕೆ ಹೋಗುತ್ತದೆ; 'ನನ್ನ ಪ್ರಾರಬ್ಧ' ಎಂದಾಗ ತಿರುಗಿ ಹೇಳಿದವನ ಮಡಿಲಿಗೇ ಬೀಳುತ್ತದೆ. ಆ ಕಹಿ ಸೂಕ್ಷ್ಮ ಈ ಪದಕ್ಕಿದೆ.

ಹಳಿಯಬೇಕಾದ್ದು 'ಅವಳ ಪ್ರಾರಬ್ಧ', 'ಅವರ ಪ್ರಾರಬ್ಧ' ಎಂಬ ಬಳಕೆಯನ್ನು. ಎಳೆಯ ವಿಧವೆಯ ತಲೆ ಬೋಳಿಸಿದವರು, ಜೀತದವನನ್ನು ಕೊಟ್ಟಿಗೆಯಲ್ಲಿ ಮಲಗಿಸಿದವರು ಈ ಪದದ ಹಿಂದೆ ಹಾಯಾಗಿ ಕೂತರು. ಶಾಸ್ತ್ರ ಹೀಗೆ ಹೇಳಿರಲಿಲ್ಲ, ಜನ ಕೆಡಿಸಿದರು ಎಂದು ಜಾರಿಕೊಳ್ಳುವಂತಿಲ್ಲ. ಗಾಂಧಾರದವನ ಕತೆ ಹೇಳಿದ ಅದೇ ಛಾಂದೋಗ್ಯ, ಅದಕ್ಕೆ ಒಂದು ಅಧ್ಯಾಯ ಹಿಂದೆ, ಕೆಟ್ಟ ನಡತೆಯವರು ನಾಯಿ, ಹಂದಿ, ಚಂಡಾಲರ ಬಸಿರಿಗೆ ಬೀಳುತ್ತಾರೆ ಎಂದೂ ಹೇಳಿದೆ. ಅದ್ವೈತದ ಗ್ರಂಥಗಳಲ್ಲಿ ಪ್ರಾರಬ್ಧ ಜ್ಞಾನಿಯ ದೇಹಕ್ಕೆ ಕೊಟ್ಟ ಸಮಜಾಯಿಷಿ. ಊರಿನ ನ್ಯಾಯದಲ್ಲಿ ಅದು ಸೋತವನ ಮೇಲೆ ಹೊರಿಸಿದ ತೀರ್ಪು. ಎರಡಕ್ಕೂ ಒಂದೇ ಪದ ಸಾಕಾದದ್ದು ಪದದ ತಪ್ಪಲ್ಲ. ಆದರೆ ಎರಡನೆಯ ಬಳಕೆಗೆ ಪಾಂಡಿತ್ಯದ ಬೆಂಬಲ ಸಿಗದೇ ಇರಲಿಲ್ಲ.

ಇನ್ನು ಇದರ ಜೊತೆಯವು ಎಲ್ಲಿ ಹೋದವು ಎಂದು ನೋಡಿದರೆ ನಗು ಬರುತ್ತದೆ. ವೇದಾಂತದ ಮೊದಲ ಪಾಠದ ಪುಸ್ತಕ ತತ್ತ್ವಬೋಧದಲ್ಲಿ ಮೂರೂ ಒಂದೇ ಕಡೆ ಇವೆ: ಕೂಡಿಟ್ಟದ್ದು ಸಂಚಿತ, ಶುರುವಾದದ್ದು ಪ್ರಾರಬ್ಧ, ಈಗ ಮಾಡಿ ಮುಂದಕ್ಕೆ ಸೇರಿಸುವುದು ಆಗಾಮಿ. ಆಗಾಮಿ ಹಿಂದಿಯ ಸುದ್ದಿವಾಚಕರ ಪಾಲಾಗಿ, ಬರಲಿರುವ ಪ್ರತಿಯೊಂದು ಚುನಾವಣೆಗೂ ವಿಶೇಷಣವಾಗಿ ದುಡಿಯುತ್ತಿದೆ. ಪ್ರಾರಬ್ಧ ನಮ್ಮ ಅಡುಗೆಮನೆ, ಬಸ್‌ಸ್ಟ್ಯಾಂಡುಗಳಲ್ಲಿ ಉಳಿಯಿತು. ಮೂವರಲ್ಲಿ ಸರ್ಕಾರಿ ನೌಕರಿ ಸಿಕ್ಕದ್ದು ಸಂಚಿತಕ್ಕೆ: ರಾಜ್ಯದ ತೆರಿಗೆ, ಎತ್ತಿದ ಸಾಲ ಎಲ್ಲ ಹೋಗಿ ಸೇರುವ ಖಜಾನೆಗೆ ಇಂದು ಕನ್ನಡದಲ್ಲಿ 'ಸಂಚಿತ ನಿಧಿ' ಎಂದು ಹೆಸರು. ಸಂವಿಧಾನದ 266ನೆಯ ವಿಧಿಯ ಪ್ರಕಾರ, ಕಾನೂನಿನ ಅನುಮತಿಯಿಲ್ಲದೆ ಅದರಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ.