ಹತ್ತನೇ ತರಗತಿ, ನಾಲ್ಕು ಹಳಿ

ನಮ್ಮ ರಾಜ್ಯ ಪಠ್ಯಕ್ರಮದಲ್ಲಿ ದ್ವಿತೀಯ ಭಾಷೆಯಾಗಿ ಇಂಗ್ಲಿಷ್ ತಗೊಂಡು ಎಸ್ಸೆಸ್ಸೆಲ್ಸಿ ಓದುವ ಮಕ್ಕಳಿಗೆಲ್ಲ ಒಂದೇ ಪುಸ್ತಕ. ಊರು ಯಾವುದಾದರೂ ಸರಿ, ಜಾಣರಾದರೂ ಸರಿ, ತಡವರಿಸಿ ಓದುವವರಾದರೂ ಸರಿ. ಅಮೆರಿಕದಲ್ಲಿ ಹಾಗಲ್ಲ. ಹತ್ತನೇ ತರಗತಿಯವರನ್ನು ಅಲ್ಲಿ ಸೋಫೋಮೋರ್ ಅನ್ನುತ್ತಾರೆ. ಬಹಳಷ್ಟು ಹೈಸ್ಕೂಲುಗಳಲ್ಲಿ ಅವರಿಗೆ ಸಾಮಾನ್ಯ ಇಂಗ್ಲಿಷ್ ಬೇರೆ, ಆನರ್ಸ್ ಇಂಗ್ಲಿಷ್ ಬೇರೆ. ಯಾರು ಯಾವ ತರಗತಿಯಲ್ಲಿ ಕೂರಬೇಕು ಅನ್ನುವ ಪ್ರಶ್ನೆ ಅಲ್ಲಿ ಒಮ್ಮೆ ಕೋರ್ಟ್ ಮೆಟ್ಟಿಲನ್ನೂ ಹತ್ತಿತ್ತು.

ಮೊದಲು ಅಲ್ಲಿನವರ ಯೋಚನೆ ಬೇರೆಯೇ ಇತ್ತು. 1892ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಮುಂದಾಳುತನದಲ್ಲಿ ಹತ್ತು ಜನರ ಸಮಿತಿ ರಚನೆಯಾಯಿತು. ಮುಂದೆ ಕಾಲೇಜಿಗೆ ಹೋಗುವವರಿರಲಿ, ಕೆಲಸಕ್ಕೆ ಸೇರುವವರಿರಲಿ, ಒಂದು ವಿಷಯವನ್ನು ಎಲ್ಲರಿಗೂ ಒಂದೇ ರೀತಿ ಕಲಿಸಬೇಕು ಎಂದು ಅದು ಹೇಳಿತು.

ಆಮೇಲೆ ಬಂದದ್ದು ಬುದ್ಧಿಮತ್ತೆ ಪರೀಕ್ಷೆ. ಮೊದಲ ಮಹಾಯುದ್ಧದ ಹೊತ್ತಿಗೆ ಸೈನಿಕರ ಮೇಲೆ ಪ್ರಯೋಗವಾದ ಇಂಥ ಪರೀಕ್ಷೆಗಳು 1920ರ ದಶಕದಲ್ಲಿ ಶಾಲೆಗಳಿಗೂ ಬಂದವು. ಡೆಟ್ರಾಯಿಟ್ ನಗರದಲ್ಲಿ ಒಂದನೇ ತರಗತಿಯ ಮಕ್ಕಳನ್ನೇ ಪರೀಕ್ಷೆ ಮಾಡಿ ಮೂರು ಗುಂಪು ಮಾಡಿದರು.

ನಮ್ಮ ಕಥೆ ನಡೆಯುವುದು ರಾಜಧಾನಿ ವಾಷಿಂಗ್ಟನ್‌ನಲ್ಲಿ. 1954ರವರೆಗೆ ಅಲ್ಲಿ ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕಪ್ಪು ಜನರ ಮಕ್ಕಳಿಗೆ ಇನ್ನೊಂದು ಶಾಲೆ. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಎರಡೇ ವರ್ಷಕ್ಕೆ, 1956ರಲ್ಲಿ, ಶಿಕ್ಷಣಾಧಿಕಾರಿ ಕಾರ್ಲ್ ಹ್ಯಾನ್ಸನ್ ಹೈಸ್ಕೂಲುಗಳಲ್ಲಿ 'ಟ್ರ್ಯಾಕ್' ಪದ್ಧತಿ ತಂದರು. ಟ್ರ್ಯಾಕ್ ಎಂದರೆ ಹಳಿ. ಹಳಿಗಳು ನಾಲ್ಕು: ಅತಿ ಜಾಣರಿಗೆ ಆನರ್ಸ್, ಕಾಲೇಜಿಗೆ ಹೋಗುವವರಿಗೆ ರೆಗ್ಯುಲರ್, ಶಾಲೆ ಮುಗಿಸಿ ಕೆಲಸಕ್ಕೆ ಸೇರುವವರಿಗೆ ಜನರಲ್, ಎಲ್ಲಕ್ಕಿಂತ ಕೆಳಗೆ ಬೇಸಿಕ್. ಬೇಸಿಕ್‌ನವರಿಗೆ ಇಂಗ್ಲಿಷ್ ಎಂದರೆ ಸರಳ ಓದು, ಬರಹ ಅಷ್ಟೆ.

ಹ್ಯಾನ್ಸನ್ ಶಾಲೆಗಳ ಬೇಧಭಾವದ ಪರ ಇದ್ದವರೇನಲ್ಲ. ಪ್ರತಿ ಮಗುವಿಗೂ ಅದರ ಮಟ್ಟಕ್ಕೆ ತಕ್ಕ ಪಾಠ ಸಿಗಲಿ ಎಂಬುದು ಅವರ ವಾದ. ಕೇಳಲು ನ್ಯಾಯವಾಗಿಯೇ ಇದೆ, ಅಲ್ಲವೇ?

ಜೂಲಿಯಸ್ ಹಾಬ್ಸನ್ ಒಪ್ಪಲಿಲ್ಲ. ಸರ್ಕಾರಿ ನೌಕರಿಯಲ್ಲಿ ಅಂಕಿಅಂಶಗಳ ಜೊತೆಗೇ ಬದುಕಿದ್ದ ಈ ಕಪ್ಪು ಹೋರಾಟಗಾರ, ಶಾಲೆಗಳ ಲೆಕ್ಕ ತೆಗೆದು 1966ರಲ್ಲಿ ದಾವೆ ಹೂಡಿದರು. ವಿಚಾರಣೆಯಲ್ಲಿ ಒಂದು ಲೆಕ್ಕ ಹೊರಬಂತು. 1965ರಲ್ಲಿ, ಆಗಲೇ ಕೆಳಗಿನ ಹಳಿಯಲ್ಲಿದ್ದ ಅಥವಾ ಅಲ್ಲಿಗೆ ಹೋಗಲಿದ್ದ 1,272 ಮಕ್ಕಳನ್ನು ಮನಃಶಾಸ್ತ್ರಜ್ಞರು ಮತ್ತೆ ಪರೀಕ್ಷಿಸಿದ್ದರು. ಅವರಲ್ಲಿ 820 ಮಕ್ಕಳ ವಿಷಯದಲ್ಲಿ ತೀರ್ಮಾನವೇ ತಪ್ಪಾಗಿತ್ತು. ಅಂದರೆ ನೂರಕ್ಕೆ 64 ಮಕ್ಕಳು!

ಹೀಗೇಕಾಯಿತು? ಆ ಪರೀಕ್ಷೆಗಳನ್ನು ಅಳತೆಗೆ ಕೂರಿಸಿದ್ದೇ ಬಿಳಿಯ ಮಧ್ಯಮ ವರ್ಗದ ಮಕ್ಕಳನ್ನು ನೋಡಿ. ಮನೆಯಲ್ಲಿ ಅಂಥ ಮಾತು, ಅಂಥ ಪುಸ್ತಕ ಕಾಣದ ಬಡ ಕಪ್ಪು ಮಗುವಿಗೆ ಅಂಕ ಕಡಿಮೆ ಬಂದರೆ ಅದು ದಡ್ಡತನವಲ್ಲ. ಪರೀಕ್ಷೆ ಅಳೆದದ್ದು ಮಗುವಿನ ತಲೆಯನ್ನಲ್ಲ, ಮನೆಯನ್ನು.

1967ರ ಜೂನ್ 19ರಂದು ನ್ಯಾಯಾಧೀಶ ಸ್ಕೆಲ್ಲಿ ರೈಟ್ ಈ ಪದ್ಧತಿಯನ್ನು ರದ್ದು ಮಾಡಿದರು. ಮಕ್ಕಳನ್ನು ಮಟ್ಟ ನೋಡಿ ಕೂರಿಸುವುದೇ ತಪ್ಪು ಎಂದು ಅವರು ಹೇಳಲಿಲ್ಲ. ಕೆಳಗೆ ಕೂರಿಸಿದ ಮೇಲೆ ಮೇಲಕ್ಕೆತ್ತುವ ಪಾಠ ಕೊಡಬೇಕಿತ್ತು, ಅದು ಸಾಲದಾಗಿತ್ತು. ಒಮ್ಮೆ ಕೆಳಗಿನ ಹಳಿಗೆ ಬಿದ್ದವರು ಹತ್ತಿ ಬಂದದ್ದು ಅಪರೂಪ. ತೀರ್ಪಿನ ನಂತರ ಹ್ಯಾನ್ಸನ್ ಕೆಲಸ ಬಿಟ್ಟರು.

ಆನರ್ಸ್ ತರಗತಿಗಳು ಅಮೆರಿಕದಲ್ಲಿ ಇಂದಿಗೂ ಇವೆ, ವಾದವೂ ನಿಂತಿಲ್ಲ. ನಮ್ಮ ಶಾಲೆಗಳಲ್ಲಿ ಹಳಿಗಳಿಲ್ಲ ನಿಜ. ಆದರೆ ಹಿಂದಿನ ಬೆಂಚು ಇದೆ. ಅಲ್ಲಿ ಕೂತ ಮಗುವಿನ ಬಗ್ಗೆ ತೀರ್ಮಾನ ಮಾಡುವ ಮುಂಚೆ ಆ 820 ಮಕ್ಕಳನ್ನು ಒಮ್ಮೆ ನೆನೆಯೋಣ.