ಗಾರೆಯ ಬಲ, ಕಾಂಕ್ರೀಟಿನ ಕಲೆ

ತಾರಸಿಯ ಅಡಿಯಲ್ಲಿ, ಅಂಗಳದ ಕಾಂಕ್ರೀಟಿನ ಮೇಲೆ ಮೂಡುವ ಬಿಳಿ ಕಲೆಗೆ ಹಳೆಯ ಚರಿತ್ರೆಯಿದೆ. 1501ರಲ್ಲಿ ಮಣ್ಣಿನಿಂದ ಕಟ್ಟಿದ ದೇವನಹಳ್ಳಿ ಕೋಟೆಯನ್ನು 18ನೆಯ ಶತಮಾನದಲ್ಲಿ ಕಲ್ಲಿನಿಂದ ಮತ್ತೆ ಕಟ್ಟಿದಾಗ, ಮೇಲಿನ ತೆನೆಗಳಿಗೆ ಇಟ್ಟಿಗೆ, ಗಾರೆ ಬಳಸಿದರು. ಗಾರೆಯ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಸುಣ್ಣ ಹೀರುವ ಈ ಅನಿಲದ ಗುಣಗಳನ್ನು ಜೋಸೆಫ್ ಬ್ಲ್ಯಾಕ್ 1756ರಲ್ಲಿ ಪ್ರಕಟಿಸಿದ.

ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೇಟೆಂಟ್ ಪಡೆದ ಪೋರ್ಟ್‌ಲೆಂಡ್ ಸಿಮೆಂಟು ನೀರಿನೊಡನೆ ವರ್ತಿಸಿ ಗಟ್ಟಿಯಾಗುತ್ತದೆ. ಆಗಲೂ ಒಂದಿಷ್ಟು ಸುಣ್ಣ ಉಂಟಾಗುತ್ತದೆ. ತೇವ ಅದನ್ನು ಹೊರತಂದರೆ ಗಾರೆಯನ್ನು ಗಟ್ಟಿ ಮಾಡಿದ ಅದೇ ಕ್ರಿಯೆಯಿಂದ ಬಿಳಿ ಕಲೆ! ಅದಕ್ಕೆ ಆ್ಯಸಿಡ್ ಸುರಿದರೆ ಕಾಂಕ್ರೀಟೂ ಕರಗುತ್ತದೆ. ನನ್ನ ಮನೆಯಂಗಳವನ್ನು ಹಾಗೆ ಕೆಡಿಸಿಕೊಂಡಿದ್ದೇನೆ. ಹೊಸ ಕಲೆಯನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆದು, ನೀರು ಇಳಿಯುವ ಬಿರುಕನ್ನು ಮುಚ್ಚಬೇಕು.