ಕುಣಿ ಮುಚ್ಚಿದ ದಿನ

ಇಳಕಲ್ಲಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ದೂರವಾಣಿಯಲ್ಲಿ, “ಗುರುಗಳೇ, ಮನೆಯ ವಿದ್ಯುತ್ ಮಗ್ಗವನ್ನು ಗುಜರಿಗೆ ಕೊಟ್ಟೆ” ಎಂದ. ಆ ಮಗ್ಗ ಅವನ ಮನೆಯನ್ನು ಹೊಕ್ಕ ದಿನ ನಾನು ಅಲ್ಲಿದ್ದೆ.

ಅದು 1982. ಆಗ ಇಳಕಲ್ ವಿಜಾಪುರ ಜಿಲ್ಲೆಯ ಹುನಗುಂದ ತಾಲ್ಲೂಕಿನ ಊರು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮಗ್ಗ ಬಂದದ್ದು ಇಚಲಕರಂಜಿಯಿಂದ. ಅಲ್ಲಿ 1904ರಲ್ಲಿಯೇ ವಿಠ್ಠಲರಾವ್ ದಾತಾರರು ಮೊದಲ ವಿದ್ಯುತ್ ಮಗ್ಗವನ್ನು ಹೂಡಿದ್ದರು. ಲಾರಿ ಬಾಗಲಕೋಟೆ, ಹುನಗುಂದ ದಾಟಿ ಬಂದು ಓಣಿಯ ಬಾಯಿಯಲ್ಲಿ ನಿಂತಿತು. ಮುಂದೆ ಬಂಡಿಯೂ ಹೋಗದಷ್ಟು ಇಕ್ಕಟ್ಟು.

ಪುಣ್ಯಕ್ಕೆ ಇಳಕಲ್ಲಿನಲ್ಲಿ ನೇಕಾರರಂತೆ ಕಲ್ಲಿನ ಕೆಲಸದವರಿಗೂ ಕೊರತೆಯಿಲ್ಲ. ಕೆಂಪು ಗ್ರಾನೈಟಿನ ದಿಮ್ಮಿಗಳನ್ನು ಹಾರೆಗೋಲಿನಿಂದ ಮೀಟಿ ಉರುಳಿಸುವ ಕೈಗಳಿಗೆ ಬೀಡುಕಬ್ಬಿಣ ಯಾವ ಲೆಕ್ಕ? ಮಗ್ಗವನ್ನು ಬಿಚ್ಚಿದರು. ಎರಡು ಪಕ್ಕದ ಚೌಕಟ್ಟುಗಳು, ದಂಡಗಳು, ಗಾಲಿ ಎಲ್ಲವನ್ನೂ ಕಬ್ಬಿಣದ ಕೊಳವೆಗಳ ಮೇಲಿಟ್ಟು, ಹಿಂದಿನ ಕೊಳವೆಯನ್ನು ಮುಂದಕ್ಕೆ ತರುತ್ತ, ಮೊಳ ಮೊಳವಾಗಿ ಸರಿಸಿದರು. ಹೊಸ್ತಿಲು ಕೀಳಲು ಮನೆಯ ಅಜ್ಜಿ ಸುತರಾಂ ಒಪ್ಪಲಿಲ್ಲ. ಅದರ ಮೇಲೆ ಹಲಗೆ ಹಾಸಿ, ಚೌಕಟ್ಟನ್ನು ಓರೆಮಾಡಿ ಒಳಗೆ ಜಾರಿಸಬೇಕಾಯಿತು.

ಒಳಗೆ ಅಡ್ಡಿಯಾದದ್ದು ಕುಣಿಮಗ್ಗದ ಕುಣಿ. ನೇಕಾರ ನೆಲಮಟ್ಟದಲ್ಲಿ ಕುಳಿತು, ಕಾಲನ್ನು ಕುಣಿಗಿಳಿಸಿ ಪಾವಡಿ ತುಳಿಯುತ್ತಾನೆ. ಮಣ್ಣಿನ ತಂಪಿಗೆ ನೂಲು ಬೇಗ ಹರಿಯದು. ಬಾದಾಮಿಗೆ ಪ್ರವಾಸ ಹೋದಾಗ, 578ರ ಶಾಸನವುಳ್ಳ ಮೂರನೆಯ ಗುಹೆಯೆದುರು ನಿಂತು, ‘ಇವರು ಕಲ್ಲನ್ನು ಹೊತ್ತು ತರಲಿಲ್ಲ, ಬೆಟ್ಟದೊಳಗೇ ಹೊಕ್ಕರು’ ಎಂದು ನಾನು ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಕುಣಿಮಗ್ಗವೂ ಹಾಗೆಯೇ, ನೆಲಕ್ಕೆ ಅಂಟಿದ್ದು. ಹುಡುಗನ ತಂದೆ ಕೊನೆಯ ಸಲ ಕುಣಿಗಿಳಿದು ಪಾವಡಿಗಳನ್ನು ಬಿಚ್ಚಿ ಮೇಲಕ್ಕೆ ಕೊಟ್ಟರು. ಬಳಿಕ ಗರಸು ಸುರಿದು, ಕಾಂಕ್ರೀಟು ಹಾಕಿ, ಬೋಲ್ಟು ನೆಟ್ಟರು.

ಮುಚ್ಚಿದ್ದು ಕುಣಿಯೊಂದೇ ಎಂದು ನಾವೆಲ್ಲ ಭಾವಿಸಿದ್ದೆವು. ಇಳಕಲ್ ಸೀರೆಯ ಜೀವವಿರುವುದು ಕೊಂಡಿಯಲ್ಲಿ. ಮೈಯ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆಳೆ ಕುಣಿಕೆ ಹಾಕಿ ಜೋಡಿಸಬೇಕು. ತೋಪು ತೆನಿಯ ಸೆರಗು ಮೂಡುವುದು ಹಾಗೆ. ಪ್ರತಿ ಸೀರೆಗೂ ಹೊಸದಾಗಿ ಕೊಂಡಿ ಬೇಕು. ವಿದ್ಯುತ್ ಮಗ್ಗದ ಲಾಭವಾದರೋ ಹಲವು ಸೀರೆಗಳ ಉದ್ದನೆಯ ಹಾಸನ್ನು ಒಂದೇ ಸಲ ಸುತ್ತಿ, ನಿಲ್ಲಿಸದೆ ನೇಯುವುದರಲ್ಲಿದೆ. ಕೊಂಡಿ ಅಲ್ಲಿ ಹೊಂದುವುದಿಲ್ಲ. ಆ ಮನೆಯಲ್ಲಿ ಕೊಂಡಿ ಹಾಕುತ್ತಿದ್ದವಳು ಹುಡುಗನ ತಾಯಿ. ಯಂತ್ರ ಬಂದ ಮೇಲೆ ಆಕೆಗೆ ಕಂಡಿಕೆ ಸುತ್ತುವುದಷ್ಟೇ ಉಳಿಯಿತು.

ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನು ಮೀಸಲಿಟ್ಟ ಕಾಯಿದೆ 1985ರಲ್ಲಿ ಬಂತು; 1993ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಸೀರೆಯೂ ಆ ಪಟ್ಟಿಯಲ್ಲಿತ್ತು. ಕಾಗದದ ಬೇಲಿ ಎಷ್ಟು ಕಾದೀತು! ಆದರೆ ಆ ತಂದೆಯನ್ನು ದೂರಲು ನನಗೆ ಮನಸ್ಸಿಲ್ಲ. ನನ್ನ ವಿದ್ಯಾರ್ಥಿ ಕಾಲೇಜು ಓದಿದ್ದು ಆ ಯಂತ್ರದ ದುಡಿಮೆಯಿಂದಲೇ.

ಗುಜರಿಯವರು ಒಂದೇ ಮುಂಜಾನೆಯಲ್ಲಿ ಅದನ್ನು ಸಾಗಿಸಿದರಂತೆ. ನೆಲದಲ್ಲಿ ನಾಲ್ಕು ಬೋಲ್ಟುಗಳು ಉಳಿದಿವೆ. “ಅವನ್ನು ಕತ್ತರಿಸಿ ಫರಸಿ ಹಾಕಿಸಲೋ, ಕಾಂಕ್ರೀಟು ಒಡೆದು ಕುಣಿ ತೋಡಿಸಲೋ?” ಎಂದು ಕೇಳಿದ. ಅವನ ತಾಯಿಗೆ ಈಗ ಎಂಬತ್ತು ದಾಟಿದೆ, ಕಣ್ಣು ಚೆನ್ನಾಗಿದೆ. “ನನ್ನನ್ನೇಕೆ ಕೇಳುತ್ತಿ, ಅವ್ವನನ್ನು ಕೇಳು” ಎಂದೆ.